ಮಾರ್ಚ್ ನಾಲ್ಕರ ಮಂಗಳವಾರ

ಚಲನಚಿತ್ರ ಪರಿಶೀಲನಾ ಸಮಿತಿಯ ಕಡತದಲ್ಲಿ ಮಾರ್ಚ್ ನಾಲ್ಕನೇ ತಾರೀಖಿನ ಮಂಗಳವಾರ ಒಟ್ಟು ಮೂರು ವರ್ಷ ಎರಡು ತಿಂಗಳು ನಡೆಯಿತು. ಇದರಲ್ಲಿ ಯಾವ ಅಕ್ರಮವೂ ಇಲ್ಲ. ಆ ಸಮಿತಿಯಲ್ಲಿ ನಾನು ಸಾರ್ವಜನಿಕರ ಪ್ರತಿನಿಧಿ. ಮೊದಲು ಅಲ್ಲೇ ನೆಲ ಒರೆಸುತ್ತಿದ್ದೆ; ಒಂದು ದಿನ ಸದಸ್ಯರು ಸಾಲದೆ ನನಗೂ ಕುರ್ಚಿ ಕೊಟ್ಟರು.

ಒಬ್ಬ ಹುಡುಗ ಸಿನಿಮಾ ತೆಗೆದು ತಂದಿದ್ದ. ನಗಿಸುವ ಪ್ರೇಮಕತೆ. ನಾಯಕನಿಗೆ ಒಂದೇ ದಿನ ಮತ್ತೆ ಮತ್ತೆ ಬೆಳಗಾಗುತ್ತದೆ. ಅದೇ ಬಸ್ಸು, ಅದೇ ಹುಡುಗಿ, ಅವಳಿಗೆ ಮಾತ್ರ ಇವನ ಗುರುತೇ ಇಲ್ಲ. ದಿನಾ ಮದುವೆ ಕೇಳುತ್ತಾನೆ, ದಿನಾ ಉಗಿಸಿಕೊಳ್ಳುತ್ತಾನೆ. ಕೊನೆಗೊಂದು ದಿನ ಅವಳು ಹೂಂ ಅನ್ನುತ್ತಾಳೆ.

ನಿರ್ದೇಶಕನಿಗೆ ಸಿನಿಮಾಕ್ಕಿಂತ ದೊಡ್ಡ ಅವಸರ ಬೇರೆ ಇತ್ತು. ಅರ್ಜಿ ಕೊಡಲು ಬಂದವನು ಟೈಪಿಸ್ಟ್ ಹುಡುಗಿಯ ಮೇಜಿನ ಮುಂದೆ ಎರಡು ಗಂಟೆ ನಿಂತಿದ್ದ. ಅರ್ಜಿ ಒಂದೇ ಪುಟದ್ದು. ಅವಳು ಅಧ್ಯಕ್ಷರ ಮಗಳು. ಅಪ್ಪನ ಕಚೇರಿಯಲ್ಲಿ ಕೆಲಸ ಹೇಗೆ ಸಿಕ್ಕಿತು ಅಂತ ಕೇಳಬೇಡಿ; ಕೆಲಸ ಖಾಲಿ ಇತ್ತು, ಮಗಳೂ ಖಾಲಿ ಇದ್ದಳು. ವಿಷಯ ಅಧ್ಯಕ್ಷರ ಕಿವಿಗೆ ಬಿತ್ತು. ಯಾರು ಹಾಕಿದರೋ ನನಗೆ ಗೊತ್ತಿಲ್ಲ, ನಾನಂತೂ ಒಬ್ಬರಿಗೇ ಹೇಳಿದ್ದೆ.

"ಮೊದಲು ಸರ್ಟಿಫಿಕೇಟ್ ತಗೋಳಪ್ಪ, ಆಮೇಲೆ ಮದುವೆ ಮಾತಾಡೋಣ" ಅಂದರು ಅಧ್ಯಕ್ಷರು. ಸರ್ಟಿಫಿಕೇಟ್ ಕೊಡಬೇಕಾದವರೂ ಅವರೇ.

ಅವತ್ತೇ ಬಿಸ್ಕತ್ತು ಹಂಚಿ, ದೀಪ ಆರಿಸಿ ಸಿನಿಮಾ ಹಾಕಿದರು. ಹನ್ನೊಂದು ನಿಮಿಷಕ್ಕೆ ಅಧ್ಯಕ್ಷರು ಕೈ ಎತ್ತಿದರು.

"ಏನಯ್ಯಾ, ಇದನ್ನ ಆಗ್ಲೇ ನೋಡಿದ್ವಲ್ಲ?"

"ಅದೇ ದಿನ ಮತ್ತೆ ಬರುತ್ತೆ ಸಾರ್. ಈ ಸಲ ಅವನು ಕಾಫಿ ಚೆಲ್ಲಲ್ಲ, ನೋಡಿ."

"ಚೆಲ್ಲದೆ ಇರೋ ಕಾಫಿ ನೋಡೋಕೆ ಸಮಿತಿ ಯಾಕಯ್ಯಾ ಬೇಕು? ಒಂದೇ ದೃಶ್ಯಕ್ಕೆ ಎರಡು ಸಲ ಮಂಜೂರಾತಿ ಕೊಡೋ ಹಾಗಿಲ್ಲ. ಮುಂದಿನ ಮಂಗಳವಾರ ಬಾ."

ಮುಂದಿನ ಮಂಗಳವಾರ ಹಿರಿಯ ಸದಸ್ಯರೊಬ್ಬರು ಹೋದ ಸಲದ್ದು ನೆನಪಿಲ್ಲ ಅಂದರು. ನೆನಪಿರೋದು ಹೇಗೆ, ದೀಪ ಆರಿದ ಕೂಡಲೇ ಗೊರಕೆ ಹೊಡೆದಿದ್ದರು. ಒಬ್ಬರಿಗೆ ನೆನಪಿಲ್ಲದಿದ್ದರೂ ಮೊದಲಿಂದ ಹಾಕಬೇಕು ಅಂತ ನಿಯಮ. ಹಾಕಿದರು. ಅದೇ ಬಿಸ್ಕತ್ತು, ಅದೇ ಗೊರಕೆ, ಹನ್ನೊಂದನೇ ನಿಮಿಷಕ್ಕೆ ಅದೇ ಕೈ. ಅದರ ಮುಂದಿನ ವಾರವೂ ಅಷ್ಟೇ.

ಅರ್ಜಿ ಮೂವತ್ತು ದಿನ ದಾಟಿದರೆ ಅಧ್ಯಕ್ಷರು ಮೇಲಿನವರಿಗೆ ಕಾರಣ ಬರೆದು ಕಳಿಸಬೇಕು. ಅವರಿಗೆ ಬರೆಯುವ ಅಭ್ಯಾಸವಿಲ್ಲ. ಆದ್ದರಿಂದ ಪ್ರತಿ ಮಂಗಳವಾರದ ಸಭೆಗೂ ಮೊದಲ ಸಭೆಯ ತಾರೀಖನ್ನೇ ಹಾಕಲು ಮಗಳಿಗೆ ಹೇಳಿದರು. ಅವಳು ತಪ್ಪಿಲ್ಲದೆ ಟೈಪ್ ಮಾಡಿದಳು: ಮಾರ್ಚ್ ನಾಲ್ಕು.

"ನಿಮ್ಮಪ್ಪ ಬೇಕೂಂತಲೇ ಮಾಡ್ತಿದ್ದಾರೆ ಕಣೇ" ಅಂದ ಹುಡುಗ, ಎರಡನೇ ವರ್ಷ.

"ಬೇಕೂಂತ ಮಾಡೋವಷ್ಟು ಕೆಲಸ ನಮ್ಮಪ್ಪ ಯಾವತ್ತೂ ಮಾಡಿಲ್ಲ, ಸುಮ್ನಿರಿ."

ಗೊರಕೆಯ ಸದಸ್ಯರ ಅವಧಿ ಮುಗಿದ ವಾರವೇ ಸಿನಿಮಾ ಪಾಸಾಯಿತು. ಮತ್ತೆ ಮತ್ತೆ ಬರುವ ದಿನಗಳನ್ನೆಲ್ಲ ಕತ್ತರಿಸಿದ್ದರಿಂದ ಹನ್ನೊಂದು ನಿಮಿಷ ಉಳಿಯಿತು. ಹುಡುಗಿ ಬೈದು ಬಸ್ಸು ಹತ್ತುತ್ತಾಳೆ, ಮುಕ್ತಾಯ. ಗೋಡೆಗೆ ಪ್ರಕಟಣೆ ಅಂಟಿಸಿದರು: "ಅರ್ಜಿ ಬಂದ ದಿನವೇ ವಿಲೇವಾರಿ ಮಾಡಿದ ಏಕೈಕ ಸಮಿತಿ." ಮೇಲಿನವರಿಂದ ಪ್ರಶಂಸಾಪತ್ರವೂ ಬಂತು.

ಹುಡುಗನ ಕಿವಿಯ ಪಕ್ಕದ ಕೂದಲು ಅಷ್ಟರಲ್ಲಿ ನೆರೆತಿತ್ತು. ಸರ್ಟಿಫಿಕೇಟ್ ಹಿಡಿದು ಅಧ್ಯಕ್ಷರ ಮುಂದೆ ನಿಂತ.

"ಸಾರ್, ಮದುವೆ ಮಾತು."

ಅಧ್ಯಕ್ಷರು ಕನ್ನಡಕ ಏರಿಸಿ ಕಡತ ಬಿಚ್ಚಿದರು. "ನನ್ನ ಮಗಳನ್ನ ಮೊದಲು ನೋಡಿದ್ದು ಯಾವಾಗ?"

"ಅರ್ಜಿ ಕೊಟ್ಟಾಗ ಸಾರ್."

"ಅರ್ಜಿ ಮಾರ್ಚ್ ನಾಲ್ಕು. ಸರ್ಟಿಫಿಕೇಟೂ ಮಾರ್ಚ್ ನಾಲ್ಕು. ಬೆಳಿಗ್ಗೆ ನೋಡಿ ಸಾಯಂಕಾಲ ಹೆಣ್ಣು ಕೇಳ್ತೀಯಲ್ಲ, ನಿನಗೆ ಬುದ್ಧಿ ಇದೆಯಾ? ಒಂದು ದಿನದ ಪರಿಚಯಕ್ಕೆ ಮಗಳನ್ನ ಕೊಡ್ತಾರೇನಯ್ಯಾ?"

ಸಮಿತಿ ತಲೆಯಾಡಿಸಿತು. ನಾನೂ ಆಡಿಸಿದೆ, ಹೆಣ್ಣು ಹೆತ್ತವರ ಕಷ್ಟ ನನಗೆ ಗೊತ್ತಿಲ್ಲವೇ? ಹುಡುಗ ಅವಳ ಕಡೆ ನೋಡಿದ. ಅವಳು ಕಡತದ ಒಂದೊಂದೇ ಹಾಳೆ ತಿರುವಿದಳು. ಎಲ್ಲವೂ ಅವಳೇ ಟೈಪ್ ಮಾಡಿದ್ದು.

"ಅಪ್ಪ ಹೇಳೋದು ಸರಿ ಕಣ್ರೀ. ಇಷ್ಟು ಬೇಗ ಹೇಗೆ ಒಪ್ಪಲಿ?"

ಹುಡುಗ ಸರ್ಟಿಫಿಕೇಟ್ ಮಡಚಿ ಜೇಬಿಗಿಟ್ಟ. ಆಮೇಲೆ ಕುರ್ಚಿ ಎಳೆದುಕೊಂಡು ಅವಳೆದುರು ಕೂತು, ಕೂದಲು ಸರಿಮಾಡಿಕೊಂಡು, "ನಿಮ್ಮ ಹೆಸರು?" ಅಂತ ಕೇಳಿದ.

ಅವಳು ನಾಚಿಕೊಂಡು ಹೇಳಿದಳು.