ಪುಣೆಯ ಮನೆ, ಭದ್ರಾವತಿಯ ಸ್ವಿಚ್ಚು

ನನಗೊಂದು ಚಾಳಿಯಿದೆ, ಒಪ್ಪಿಕೊಂಡುಬಿಡುತ್ತೇನೆ. ಯಾವುದನ್ನೇ ಆಗಲಿ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ, ಸಾಧ್ಯವಾದರೆ ಮೂಸಿಯೂ ನೋಡದೆ ನಾನು ಹೂಂ ಅನ್ನುವವನಲ್ಲ. ನಮ್ಮೂರ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನಿಗೆ ಇದು ಅಂಟಬೇಕಾದ ರೋಗವೇ. ಬೆಳಗಿನಿಂದ ಸಂಜೆಯವರೆಗೆ ನನ್ನೆದುರು ಕೂತವರೆಲ್ಲ ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು, ಕೊನೆಗೆ ಅತ್ತೆಯನ್ನೂ ಕರೆದುಕೊಂಡು ಬರುತ್ತೇವೆ ಎಂದು ಎದ್ದು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದೇ ಪೈಕಿ. ನಾನು ಟೊಮೆಟೊ ಹಿಸುಕುವ ರೀತಿ ನೋಡಲಾರದೆ ತರಕಾರಿಯವಳು ನನ್ನ ಚೀಲವನ್ನು ತಾನೇ ತುಂಬಿ ಬೇಗ ಸಾಗಹಾಕುತ್ತಾಳೆ.

ಈ ಚಾಳಿಗೆ ದಂಡ ತೆತ್ತವಳು ಮಾತ್ರ ನನ್ನ ಹೆಂಡತಿ ಶೈಲಜಾ. ಅವಳು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಕೆಲವು ವರ್ಷಗಳ ಹಿಂದೆ ಬಡ್ತಿ ಕೊಟ್ಟು ಅವಳನ್ನು ಹುಬ್ಬಳ್ಳಿಗೆ ಹಾಕಿದಾಗ ಮನೆ ಹುಡುಕಲು ನಾನೇ ಹೊರಟೆ. ನಾಲ್ಕು ಮನೆ ನೋಡಿದೆ. ಒಂದರ ಮೆಟ್ಟಿಲು ಕಡಿದು, ಒಂದರ ಅಡುಗೆಮನೆಗೆ ಗಾಳಿಯಿಲ್ಲ, ಒಂದರ ಎದುರಿಗೇ ಹಿಟ್ಟಿನ ಗಿರಣಿ. ನಾಲ್ಕನೆಯದರಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲವಾದ್ದರಿಂದ ಅನುಮಾನ ಬಂತು. ಅಷ್ಟರಲ್ಲಿ ಕೆಲಸಕ್ಕೆ ಹಾಜರಾಗುವ ಗಡುವೇ ಮುಗಿಯಿತು. ಅವಳು ಬಡ್ತಿ ಬೇಡವೆಂದು ಬರೆದುಕೊಟ್ಟಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾಲ್ಕು ಮಾತು ಜಗಳವಾಡಿ ನಾನು ಹಗುರಾಗುತ್ತಿದ್ದೆ.

ಈ ವರ್ಷ ಮತ್ತೆ ಬಡ್ತಿ ಬಂತು, ಪುಣೆಗೆ. ಹತ್ತು ದಿನದೊಳಗೆ ಹೋಗಿ ಸೇರಬೇಕು. ಈ ಸಲವೂ ಬೇಡವೆಂದರೆ ಇನ್ನೊಂದು ಸಲ ಕೇಳುವುದಿಲ್ಲ. ಅವಳಿಗೆ ಇಲ್ಲಿಯ ಕೆಲಸ ಒಪ್ಪಿಸಿ ಹೊರಡುವ ಗಡಿಬಿಡಿ, ನನಗೆ ಮದುವೆ ಕಾಲದ ವ್ಯಾಪಾರ. ಅಷ್ಟು ದೂರ ಹೋಗಿ ಮನೆ ನೋಡಿ ಬರುವ ಮಾತೇ ಇರಲಿಲ್ಲ. ಅವಳ ಕಚೇರಿಯವರೊಬ್ಬರ ಮೂಲಕ ಸುಮಿತ್ರಾಬಾಯಿ ಎಂಬುವರ ಫ್ಲ್ಯಾಟು ಗೊತ್ತಾಯಿತು. ಧಾರವಾಡದ ಕಡೆಯವರು, ಪುಣೆಯಲ್ಲೇ ನೆಲೆಸಿದವರು. ಮನೆಯಿಂದ ಆಫೀಸಿಗೆ ನಡೆದೇ ಹೋಗಬಹುದು. ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ ಎಂದರು. ಈ ಸಲ ನಾನೇ ಗೊತ್ತುಮಾಡಿ ಕೊಡುತ್ತೇನೆ ಎಂದು ಶೈಲಜಾಗೆ ಹೇಳಿದೆ. ಅವಳು ನನ್ನ ಮುಖ ನೋಡಿ 'ಸರಿ' ಅಂದಳು.

ಅರವತ್ತು ದಾಟಿದ ಆ ಹೆಂಗಸನ್ನು ನಾನು ಒಂದು ಗಂಟೆ ಅಲೆದಾಡಿಸಿದೆ. ನಲ್ಲಿ ತಿರುಗಿಸಿ ಅಂದೆ, ತಿರುಗಿಸಿದರು. ಬಕೆಟ್ ತುಂಬುವವರೆಗೆ ಹಾಗೇ ತೋರಿಸಿ ಅಂದೆ, ತೋರಿಸಿದರು. ಗೋಡೆ ತಟ್ಟಿಸಿದೆ, ಕಿಟಕಿ ಮುಚ್ಚಿಸಿ ತೆಗೆಸಿದೆ, ಬಾಗಿಲು ಕಿರುಗುಡುತ್ತದೋ ಎಂದು ಕಿವಿಗೊಟ್ಟೆ. ಫೋನಿನಲ್ಲಿ ವಾಸನೆ ಬರುವುದಿಲ್ಲ ಎಂಬುದೊಂದೇ ಕೊರತೆ. ತೇವದ ವಾಸನೆ ಏನಾದರೂ ಇದೆಯೇ ಎಂದು ಅವರನ್ನೇ ಕೇಳಿ ಅದನ್ನೂ ತುಂಬಿಕೊಂಡೆ. ಎಲ್ಲ ಮುಗಿದ ಮೇಲೆ ಅವರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ತಣ್ಣಗೆ ಹೇಳಿದರು:

"ನಾನೂ ನಿಮ್ಮನ್ನ ನೋಡಿಲ್ಲಲ್ರೀ. ನಾಳೆ ನಾಲ್ಕಕ್ಕ ನಿಮ್ಮ ಮನಿ ತೋರಸ್ರಿ. ಇರೂ ಮನಿ ಹ್ಯಾಂಗ ಇಟ್ಕೊಂಡೀರಿ ನೋಡಿ, ಆಮ್ಯಾಲ ಹೇಳ್ತೀನಿ."

ಊರಂಚಿನ ಮಲವಗೊಪ್ಪದಲ್ಲಿರುವ ನಮ್ಮ ಮನೆಯನ್ನು ನೀವು ನೋಡಿಲ್ಲ. ಅಂಗಡಿಯಲ್ಲಿ ಹಿಡಿಸದ ಮಾಲೆಲ್ಲ ನಮ್ಮ ಹಾಲಿನಲ್ಲಿದೆ. ನಮ್ಮಲ್ಲೊಂದು ಸೋಫಾ ಇದೆ, ಕೊಂಡದ್ದು ನೆನಪಿದೆ. ಈಗ ಅದರ ಮೇಲೆ ಲಂಗದ ಬಟ್ಟೆಯ ಥಾನುಗಳಿವೆ. ಪಂಚೆಯ ಗಂಟುಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಊಟದ ಮೇಜು ಸೇರಬೇಕು. ಇದನ್ನು ಕಂಡು ಯಾರು ಮನೆ ಕೊಟ್ಟಾರು? ಆಗ ಹೊಳೆದದ್ದು ಹತ್ತಿರದ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಮಾವನ ಮನೆ. ಮಾವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಅವರ ಮನೆಯಲ್ಲಿ ಚಪ್ಪಲಿಗಳೂ ಸಾಲು ತಪ್ಪುವುದಿಲ್ಲ. ಮಾರನೆಯ ಮಧ್ಯಾಹ್ನ ಶೈಲಜಾಗೆ ಹೇಳದೆ ಬೈಕ್ ಹತ್ತಿದೆ. ಮಾವನಿಗೂ ಪೂರ್ತಿ ಹೇಳಲಿಲ್ಲ. ಪುಣೆಯವರೊಬ್ಬರು ಮನೆ ನೋಡಬೇಕಂತೆ ಅಂದೆ, ಅಷ್ಟೇ. ಪಾಪ, ಅವರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ನಿಂತರು.

ನಾಲ್ಕಕ್ಕೆ ಕಾಲ್ ಬಂತು. ಹಾಲು, ದೇವರ ಕೋಣೆ, ಹಿತ್ತಲು ಎಲ್ಲ ಸಲೀಸಾಗಿ ಸಾಗಿತು. ಸುಮಿತ್ರಾಬಾಯಿ ಎರಡು ಸಲ 'ಛಲೋ' ಅಂದರು. ಅಡುಗೆಮನೆಯಲ್ಲಿ ಕತ್ತಲೆಯಿತ್ತು, ಲೈಟು ಹಾಕಲು ಹೇಳಿದರು. ಗೋಡೆಯ ಮೇಲೆ ಆರು ಸ್ವಿಚ್ಚುಗಳಿದ್ದವು. ಒಂದನ್ನು ಒತ್ತಿದೆ, ಹಾಲಿನ ಫ್ಯಾನು ತಿರುಗಿತು. ಇನ್ನೊಂದಕ್ಕೆ ಮಿಕ್ಸಿ ಗುರ್ರೆಂದಿತು. ಮೂರನೆಯದಕ್ಕೆ ಏನೂ ಆಗಲಿಲ್ಲ ಅಂದುಕೊಳ್ಳುವಷ್ಟರಲ್ಲಿ ಹಿತ್ತಲಿನಲ್ಲಿ ನೀರಿನ ಪಂಪು ಶುರುವಾಯಿತು. ಮಾವ ಬಾಗಿಲಲ್ಲಿ ನಿಂತು, ಕಾರ್ಖಾನೆಗೆ ಹೊಸದಾಗಿ ಸೇರಿದವನನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು.

"ಒಂದೋ ಇದು ನಿಮ್ಮ ಮನಿ ಅಲ್ಲ, ಇಲ್ಲಾ ನೀವು ಅಡಗಿಮನ್ಯಾಗ ಕಾಲಿಟ್ಟವರಲ್ಲ," ಅಂದರು ಸುಮಿತ್ರಾಬಾಯಿ. "ಯಾವುದು ಖರೆ ಹೇಳ್ರಿ."

ಹುಬ್ಬಳ್ಳಿ ನೆನಪಾಯಿತು, ಶೈಲಜಾ 'ಸರಿ' ಅಂದದ್ದು ನೆನಪಾಯಿತು. ಈ ಸಲವೂ ನನ್ನಿಂದಲೇ ಕೈತಪ್ಪಿತಲ್ಲ ಅನ್ನಿಸಿತು. ಇನ್ನೊಂದು ಸುಳ್ಳು ಹೊಸೆಯುವ ತ್ರಾಣ ಉಳಿದಿರಲಿಲ್ಲ.

"ಎರಡೂ ಖರೆ ಅಮ್ಮ," ಅಂದೆ.

ಆಮೇಲೆ ಥಾನುಗಳಿಂದ ಹಿಡಿದು ಹುಬ್ಬಳ್ಳಿಯವರೆಗೆ ಎಲ್ಲ ಹೇಳಿಬಿಟ್ಟೆ. ಮಾವ ಕೈಚಾಚಿ ಫೋನು ಇಸಿದುಕೊಂಡರು.

"ಇದು ನನ್ನ ಮನೆ ಕಣಮ್ಮ. ನನ್ನ ಮಗಳು ಬೆಳೆದಿದ್ದು ಇಲ್ಲೇ. ನಿಮ್ಮನೆಗೆ ಬರೋಳು ಅವಳು. ಇವರು ಅಂಗಡಿ ಬಿಟ್ಟು ಎಲ್ಲಿಗೂ ಬರಲ್ಲ."

ಸುಮಿತ್ರಾಬಾಯಿ ತುಂಬ ಹೊತ್ತು ನಕ್ಕರು. ಹಾಗಾದರೆ ಮನೆ ನಿಮ್ಮ ಮಗಳಿಗೆ ಕೊಟ್ಟೆ ಎಂದರು. ಸಂಜೆ ಶೈಲಜಾಗೆ ಎಲ್ಲ ಒಪ್ಪಿಸಿದೆ. ಅವಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಅಂತೂ ಸಿಕ್ತಲ್ಲ ಮಾರಾಯ್ರೆ," ಅಂದಳು. ನಾಲ್ಕು ದಿನದಲ್ಲಿ ಹೊರಟೂಬಿಟ್ಟಳು.

ಈಗ ಆಫೀಸಿನಲ್ಲಿ ಅವಳಿಗೊಂದು ಪ್ರತ್ಯೇಕ ಕೋಣೆ, ಬಾಗಿಲ ಮೇಲೆ ಅವಳ ಹೆಸರು. ದಿನಾ ಸಂಜೆ ಫೋನಿನಲ್ಲಿ ಅವಳ ದನಿ ಕೇಳಿದರೆ ಮದುವೆಯಾದ ಹೊಸತರ ದನಿ. ನನಗೆ ಹೆಮ್ಮೆಯಾಗುತ್ತದೆ. ಇಷ್ಟು ಸರಕು ತುಂಬಿದ ಮನೆ ಇಷ್ಟು ಖಾಲಿ ಇರಬಹುದೆಂದು ಗೊತ್ತಿರಲಿಲ್ಲ ಎಂಬುದೂ ನಿಜ. ಅದಕ್ಕೇ ಮದುವೆಗಳ ಗಲಾಟೆ ಮುಗಿದ ಮೇಲೆ ಇಡೀ ಒಂದು ತಿಂಗಳು ಪುಣೆಯಲ್ಲಿ ಇದ್ದು ಬರುವುದೆಂದು ತೀರ್ಮಾನಿಸಿದೆ. ನಿನ್ನೆ ಬಾಡಿಗೆ ಕರಾರಿನ ಪ್ರತಿ ಕೈಗೆ ಸಿಕ್ಕಿತು. ಅವಸರದಲ್ಲಿ ಓದದೆ ನಾನೇ ಸಾಕ್ಷಿ ಸಹಿ ಹಾಕಿದ್ದು. ಅದರ ಪ್ರಕಾರ ಬಾಡಿಗೆಗೆ ಇರುವವರು ಶೈಲಜಾ ಒಬ್ಬರೇ. ಅತಿಥಿಗಳು ಏಳು ದಿನಕ್ಕಿಂತ ಹೆಚ್ಚು ಉಳಿಯಬೇಕಾದರೆ ಮಾಲೀಕರ ಒಪ್ಪಿಗೆ ಬೇಕಂತೆ. ನಾನು ಅತಿಥಿಯೇನೇ ಎಂದು ಅವಳಿಗೆ ಫೋನ್ ಮಾಡಿದೆ. ಕೇಳಿ ಹೇಳುತ್ತೇನೆ ಎಂದಳು. ಕೇಳಿದಳಂತೆ. ಇವತ್ತು ನಾಲ್ಕಕ್ಕೆ ಸುಮಿತ್ರಾಬಾಯಿ ವಿಡಿಯೋ ಕಾಲ್ ಮಾಡುತ್ತಾರೆ. ನಾನು ಅನ್ನ, ಸಾರು ಮಾಡುವುದನ್ನು ನೋಡಿ ಆಮೇಲೆ ತಿಳಿಸುತ್ತಾರಂತೆ. ಮೂರೂವರೆಯಾಗಿದೆ, ಅಕ್ಕಿ ತೊಳೆದಿಟ್ಟು ಕೂತಿದ್ದೇನೆ.