ಹೊಲಿಗೆ ಮಷೀನಿನ ಮೇಲೊಂದು ಸ್ಟೀರಿಂಗ್

ಕೆಲಸ ಮಾಡುವವನಿಗಿಂತ ಅದನ್ನು ಪಕ್ಕದಲ್ಲಿ ನಿಂತು ನೋಡಿದವನಿಗೇ ಆ ಕೆಲಸ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ರೊಟ್ಟಿ ಬಡಿಯುವ ವಿದ್ಯೆಯ ಬಗ್ಗೆ ತಾಟಿನ ಮುಂದೆ ಕುಳಿತವನು ಹೇಳುವಷ್ಟನ್ನು ಒಲೆಯ ಮುಂದೆ ಕುಳಿತವಳು ಹೇಳಲಾರಳು. ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಹತ್ತೊಂಬತ್ತು ವರ್ಷ, ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದ ಮೇಲೆ ಸುರೇಬಾನಕ್ಕೆ ಹೋಗುವ ಬಸ್ಸಿನಲ್ಲಿ ರುದ್ರಪ್ಪನೆಂಬ ಒಬ್ಬನೇ ಡ್ರೈವರನ ಬೆನ್ನ ಹಿಂದೆ ನಿಂತು, ಆತ ಎಲ್ಲಿ ಸುಮ್ಮನೆ ನಿಧಾನ ಮಾಡಿದ, ಎಲ್ಲಿ ಓವರ್‌ಟೇಕ್ ಮಾಡಬಹುದಿತ್ತು ಎಂಬುದನ್ನೆಲ್ಲ ಪುಕ್ಕಟೆಯಾಗಿ ತಿಳಿಸುತ್ತ ಬಂದವನು. ರುದ್ರಪ್ಪ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಆತ ನನ್ನ ಮಾತನ್ನು ಒಪ್ಪಿಕೊಂಡಿದ್ದಾನೆಂದೇ ನಾನು ತಿಳಿದಿದ್ದೆ. ಮುಂದೆ ಆತನ ಮಗನಿಗೆ ನನ್ನ ಮಗಳನ್ನು ಕೊಟ್ಟು ಬೀಗರಾದೆವು. ಅಂದಿನಿಂದ ಆತ ರುದ್ರಪ್ಪನವರಾದರು, ನಾನು ಸಲಹೆ ಕೊಡುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಸ್ವಲ್ಪ ಮಾತ್ರ.

ಈಗ ಇಬ್ಬರೂ ನಿವೃತ್ತರು. ಈಚೆಗೆ ಕಿತ್ತೂರಿನಲ್ಲಿರುವ ನಮ್ಮ ಅಳಿಯ ಹೊಸ ಕಾರು ತಂದ. ಹಳೆಯ ಕಾರು ಅಂಗಳದಲ್ಲಿ ಉಳಿಯಿತು. ರುದ್ರಪ್ಪನವರು, "ಸ್ಟೇರಿಂಗ್ ಹಿಡದು ಹಿಡದು ಕೈ ಸಾಕಾಗ್ಯಾವಪಾ, ನನಗ ಬ್ಯಾಡ" ಎಂದುಬಿಟ್ಟರು. ಅಳಿಯ ನನಗೆ ಫೋನ್ ಮಾಡಿ, "ಮಾವಾರ, ನೀವು ಗಾಡಿ ಹೊಡಿಯೋದು ಕಲ್ತ್ರ ಕಾರು ನಿಮ್ಮ ಮನಿಗೆ. ಇಲ್ಲಂದ್ರ ನಮ್ಮ ಕಾಕಾನ ಮಗ ಕೇಳಾಕ ಹತ್ತ್ಯಾನ" ಎಂದ. ಕಾಕಾನ ಮಗನ ಹೆಸರು ಕೇಳಿದ ಕೂಡಲೇ ನನಗೆ ಆ ಕಾರಿನ ಮೇಲೆ ಅಪಾರ ಪ್ರೀತಿ ಹುಟ್ಟಿತು. ನಮ್ಮ ಮನೆಯವಳಾದ ನೀಲವ್ವನಿಗಂತೂ ಅದು ಬೇಕೇ ಬೇಕಾಗಿತ್ತು. ಕಂಡಕ್ಟರನ ಹೆಂಡತಿಯಾಗಿಯೂ ಜೀವಮಾನವಿಡೀ ಬಸ್ಸಿನಲ್ಲಿ ನಿಂತೇ ಓಡಾಡಿದವಳು ಅವಳು. ಸೀಟು ಖಾಲಿಯಾದಾಗಲೆಲ್ಲ ನಾನು ಅದನ್ನು ಬೇರೆಯವರಿಗೆ ಕೊಟ್ಟು ನನ್ನ ಪ್ರಾಮಾಣಿಕತೆಯನ್ನು ಮೆರೆಯುತ್ತಿದ್ದೆ. ಆದರೆ ಅವಳು ಒಂದು ಷರತ್ತು ಹಾಕಿದಳು: "ಬೀಗರು ಬಂದು ನಿಮ್ಮ ಕೈ ನೋಡಿ ಹೂಂ ಅಂದ್ರಷ್ಟ ನಾ ಆ ಗಾಡ್ಯಾಗ ಕುಂದರಾಕಿ. ಇಲ್ಲಂದ್ರ ಕಾರು ಅಲ್ಲೇ ಇರ್ಲಿ."

ಕಲಿಯಲು ಊರಲ್ಲಿ ಡ್ರೈವಿಂಗ್ ಕ್ಲಾಸ್ ಇದೆ, ನಿಜ. ಆದರೆ ನನ್ನ ವಯಸ್ಸಿಗೆ, ನನ್ನ ಅನುಭವಕ್ಕೆ, ಕೆಂಪು 'ಎಲ್' ಅಂಟಿಸಿದ ಗಾಡಿಯಲ್ಲಿ ಬಜಾರದ ನಡುವೆ ಹೋಗುವುದೇ? ಡಿಪೋದವರು ಯಾರಾದರೂ ನೋಡಿದರೆ? ಆಗ ಅಳಿಯನೇ ದಾರಿ ತೋರಿಸಿದ. ಅವನ ಮನೆಯಲ್ಲಿ ಟಿವಿಗೆ ಹಚ್ಚುವ ಗೇಮಿನ ಡಬ್ಬಿ, ಅದಕ್ಕೊಂದು ಸ್ಟೀರಿಂಗ್, ಮೂರು ಪೆಡಲ್ ಇದ್ದವು. ನನ್ನ ಮಗಳು, "ಒಂದೋ ಇದು ಇರಬೇಕು, ಇಲ್ಲಾ ನಾ ಇರಬೇಕು" ಎಂದು ತೀರ್ಪು ಕೊಟ್ಟಿದ್ದರಿಂದ ಅವನ್ನು ಹೊರಗೆ ಹಾಕುವ ತುರ್ತು ಅವನಿಗಿತ್ತು. ಒಂದು ರವಿವಾರ ಬಂದು ಎಲ್ಲ ಜೋಡಿಸಿಕೊಟ್ಟು, ಗೇರು ತಾನೇ ಬೀಳುವಂತೆ ಮಾಡಿ, "ಮಾವಾರ, ಬರೇ ಎರಡ ಪೆಡಲ್ ನಿಮಗ. ಒಂದು ಓಡಾಕ, ಒಂದು ನಿಂದರಾಕ" ಎಂದು ಹೇಳಿ ಹೋದ. ಅಷ್ಟು ಸರಳವಾದದ್ದನ್ನು ಕಂಡಕ್ಟರನಿಗೆ ಹೇಳಬೇಕೇ ಎಂದು ನನಗೆ ಒಳಗೊಳಗೇ ನಗು ಬಂತು.

ಸ್ಟೀರಿಂಗನ್ನು ಬಿಗಿಯಲು ಗಟ್ಟಿಯಾದ ಮೇಜು ಬೇಕಂತೆ. ನಮ್ಮ ಮನೆಯಲ್ಲಿ ಗಟ್ಟಿಯಾದದ್ದು ಎರಡೇ. ಒಂದು ನೀಲವ್ವನ ಹಟ, ಇನ್ನೊಂದು ಅವಳ ಹೊಲಿಗೆ ಮಷೀನು. ಮೂವತ್ತು ವರ್ಷದಿಂದ ಓಣಿಯ ಜಂಪರುಗಳನ್ನೆಲ್ಲ ಹೊಲಿದ ಆ ಮಷೀನಿನ ಹಲಗೆಗೇ ಅಳಿಯ ಸ್ಟೀರಿಂಗ್ ಬಿಗಿದಿದ್ದ. ಸ್ವಿಚ್ ಹಾಕಿದ ಕೂಡಲೇ ಯಾರೂ ಮುಟ್ಟದೆಯೇ ಆ ಸ್ಟೀರಿಂಗ್ ಗರಗರ ಎಡಕ್ಕೆ ತಿರುಗಿ, ಗರಗರ ಬಲಕ್ಕೆ ತಿರುಗಿ, ನಡುವೆ ಬಂದು ನಿಂತಿತು. ನೀಲವ್ವ, "ಎವ್ವಾ, ಮೈಯಾಗ ಬಂದಂಗ ಮಾಡತೈತಲ್ರೀ!" ಎಂದು ಕೈ ಮುಗಿದಳು. ಅದು ತನ್ನ ಅಳತೆ ತಾನೇ ನೋಡಿಕೊಳ್ಳುತ್ತದೆಂದು ಅಳಿಯ ಫೋನಿನಲ್ಲಿ ಹೇಳಿದರೂ ಅವಳು ಕೇಳಲಿಲ್ಲ. ಗಾಡಿ ಅಂದ ಮೇಲೆ ಪೂಜೆಯಾಗದೆ ಹೊರಡಿಸುವುದುಂಟೇ? ವಿಭೂತಿ ಹಚ್ಚಿ, ಹೂವು ಏರಿಸಿ, ಬಾಗಿಲಲ್ಲಿ ಕಾಯಿ ಒಡೆದೆವು. ಇನ್ನು ಗಾಲಿಯ ಕೆಳಗೆ ನಿಂಬೆಹಣ್ಣು. ಗಾಲಿಯೇ ಇಲ್ಲವಲ್ಲ! ನಾನು ಬುದ್ಧಿ ಓಡಿಸಿ ಮೂರು ಪೆಡಲ್ಲಿನ ಕೆಳಗೆ ಮೂರು ನಿಂಬೆಹಣ್ಣು ತುರುಕಿದೆ. ನಾಲ್ಕನೆಯದು ಶರಬತ್ತಿಗಾಯಿತು. ಓಡುವ ಪೆಡಲ್ ಒತ್ತಿದೆ, ಪಚ್ಚನೆ ಹಣ್ಣು ಒಡೆಯಿತು, ಗಾಡಿ ಹೊರಟಿತು.

ಹೊರಟಿತು ಎಂದರೆ, ಸ್ವಲ್ಪ ತಡವಾಗಿ ಹೊರಟಿತು. ಟಿವಿಯಲ್ಲಿ ಹಸಿರು ದೀಪ ಹತ್ತಿ ಉಳಿದ ಹನ್ನೊಂದು ಕಾರು ಕಣ್ಮರೆಯಾದರೂ ನಾನು ಕೂತೇ ಇದ್ದೆ. "ಯಾಕ್ರೀ, ಏನಾತು?" ಎಂದಳು ನೀಲವ್ವ. "ಯಾರರ ರೈಟ್ ಅನಬೇಕಲ್ಲಾ" ಎಂದೆ. ಮೂವತ್ತೊಂದು ವರ್ಷ ಅದನ್ನು ಹೇಳಿದವನು ನಾನು, ಹೇಳಿಸಿಕೊಂಡವನಲ್ಲ. ಅಂದಿನಿಂದ ಪ್ರತಿ ಸಲ ಅವಳು ಅಡಿಗೆಮನೆಯಿಂದಲೇ "ರೈಟ್!" ಎಂದು ಕೂಗಬೇಕಾಯಿತು.

ಮುಂದಿನ ಹದಿನೈದು ದಿನ ನಾನು ಮಾಡಿದ ಸಾಧನೆಯನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲ. ರಸ್ತೆಯ ಮೇಲೆ ಹಸಿರು ಗೆರೆ ಇರುತ್ತದೆ, ತಿರುವು ಬಂದಾಗ ಅದು ಕೆಂಪಾಗುತ್ತದೆ. ಪೈಪ್‌ಲೈನಿಗೆ ಅಗೆಯಲು ಯಾರೋ ಗುರುತು ಹಾಕಿದ್ದಾರೆಂದು ತಿಳಿದು ನಾನು ಅದರ ಗೊಡವೆಗೆ ಹೋಗಲಿಲ್ಲ. ತಿರುವಿನಲ್ಲಿ ಗಾಡಿಯನ್ನು ಗೋಡೆಗೆ ಒರಗಿಸಿ, ತಿಕ್ಕಿಸುತ್ತ ತಿರುಗಿಸುವ ಒಂದು ಹೊಸ ವಿದ್ಯೆಯನ್ನೇ ಕಂಡುಹಿಡಿದೆ. ಗೋಡೆ ಸಿಗದ ಕಡೆ ಪಕ್ಕದ ಕಾರನ್ನು ಗೋಡೆ ಮಾಡಿಕೊಂಡೆ. ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಅದರ ಧೈರ್ಯ ಸಾಲದೆಂದುಕೊಂಡೆ. ಪೂರ್ತಿ ಪಲ್ಟಿಯಾದರೂ ಚಿಂತೆಯಿಲ್ಲ, ಒಂದು ಬಟನ್ ಒತ್ತಿದರೆ ಕಾಲ ಹಿಂದಕ್ಕೆ ಸರಿದು ಗಾಡಿ ಮತ್ತೆ ರಸ್ತೆಗೆ ಬರುತ್ತದೆ. ಇದನ್ನು ನೋಡಿದ ನೀಲವ್ವ, "ಆ ಬಟನ್ ನನಗೊಂದ್ಸಲ ಕೊಡ್ರಿ" ಎಂದಳು. "ಎಲ್ಲಿಗೆ ಹೋಗಾಕಿ?" ಎಂದೆ. "ನೀವು ನನ್ನ ನೋಡಾಕ ಬಂದ ದಿನಕ್ಕ." ಹೀಗೆ ಮನೆಯವರ ಪ್ರೋತ್ಸಾಹದಿಂದ ಹನ್ನೆರಡನೆಯವನಾಗಿದ್ದ ನಾನು ಮೂರನೆಯವನಾದೆ. ಕೂಡಲೇ ಬೀಗರಿಗೆ ಫೋನ್ ಮಾಡಿ, "ರವಿವಾರ ಊಟಕ್ಕ ಬರ್ರಿ. ಹಂಗ ನಮ್ಮ ಕೈನೂ ಒಂಚೂರು ನೋಡಿ ಹೋಗ್ರಿ" ಎಂದೆ. ನನ್ನ ಧ್ವನಿಯಲ್ಲಿ ಇದ್ದ ಸೊಕ್ಕು ಕಿತ್ತೂರಿನವರೆಗೂ ಕೇಳಿಸಿರಬೇಕು.

ಬೀಗರು ಬಂದರು. ಹೋಳಿಗೆ ಊಟವಾಯಿತು. ಎಲೆಯಡಿಕೆ ಹಾಕಿಕೊಂಡು, ಕೈ ಒರೆಸಿಕೊಂಡು, ಹೊಲಿಗೆ ಮಷೀನಿನ ಮುಂದೆ ನಿಂತು ಎಲ್ಲವನ್ನೂ ನೋಡಿದರು. "ಮೊದಲ ನೀವ ಹಿಡೀರಿ, ಹಿರ್‍ಯಾರು" ಎಂದು ನಾನು ದೊಡ್ಡತನ ತೋರಿಸಿದೆ. ಅವರು ಮೊದಲು ಸೋಲಬೇಕು, ಆಮೇಲೆ ನಾನು ಗೆಲ್ಲಬೇಕು ಎಂಬುದು ನನ್ನ ಲೆಕ್ಕ. ರುದ್ರಪ್ಪನವರು ಕೂತರು. ಗಾಡಿ ಇನ್ನೂ ಹೊರಟಿಲ್ಲ, ಮಾಡಿದ ಮೊದಲ ಕೆಲಸವೆಂದರೆ ನಡುವಿನ ಪೆಡಲ್ ಒತ್ತಿ ನೋಡಿದ್ದು. ಇನ್ನೊಮ್ಮೆ ಒತ್ತಿದರು.

"ಬೀಗರ, ಬ್ರೇಕ್ ಕೆಳಗ ಹೋಗವಲ್ದು."

"ಅದು ಹಂಗ ಇರತೈತ್ರಿ. ಗೇಮಿಂದಲ್ಲಾ" ಎಂದೆ, ತಿಳಿದವನ ಹಾಗೆ.

ಅವರು ಬಗ್ಗಿ, ಕೈ ಹಾಕಿ, ಪೆಡಲ್ಲಿನ ಕೆಳಗಿಂದ ಏನನ್ನೋ ಎಳೆದು ತೆಗೆದು ಅಂಗೈ ಮೇಲಿಟ್ಟುಕೊಂಡರು. ನಿಂಬೆಹಣ್ಣು. ಒಣಗಿ ಕಲ್ಲಾಗಿತ್ತು. ಎಲ್ಲಿಯೂ ಒಡೆದಿರಲಿಲ್ಲ, ಒಂದು ಗೆರೆ ಕೂಡ ಬಿದ್ದಿರಲಿಲ್ಲ.

ಲೆಕ್ಕ ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಹದಿನೈದು ದಿನ, ದಿನಕ್ಕೆ ಮೂರು ತಾಸು ಗಾಡಿ ಹೊಡೆದ ನಾನು ಒಂದು ಸಲವೂ ಬ್ರೇಕಿನ ಮೇಲೆ ಕಾಲಿಟ್ಟಿರಲಿಲ್ಲ. ಮೊದಲು ನಕ್ಕವಳು ನೀಲವ್ವ. ಸೆರಗು ಬಾಯಿಗೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರುದ್ರಪ್ಪನವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. "ಹತ್ತೊಂಬತ್ತು ವರ್ಷ ನನ್ನ ಹಿಂದ ನಿಂತು 'ಹೊಡೀರಿ, ಹೊಡೀರಿ' ಅಂತಿದ್ರಿ. ಈಗ ತಿಳೀತ್ ನೋಡ್ರಿ" ಎಂದಷ್ಟೇ ಹೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ವರ್ಷ ಆ ಮನುಷ್ಯ ಏನೂ ಮಾತಾಡದೆ ಒತ್ತಿದ ಬ್ರೇಕುಗಳಿಂದಲೇ ನಾನು ದಿನಾ ಸಂಜೆ ಮನೆಗೆ ಬಂದು ಉಂಡಿದ್ದೆ.

ಆಮೇಲೆ ಅವರು ಗಾಡಿ ಹೊಡೆದು ಹನ್ನೆರಡನೆಯವರಾದರು. ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟರು, ಒಂದು ಗೋಡೆಗೂ ತಾಗಲಿಲ್ಲ. ಎದ್ದು ನನ್ನ ಕಡೆ ನೋಡದೆ, "ಅಕ್ಕಾರ, ನೀವೊಮ್ಮೆ ಕುಂತ್ ನೋಡ್ರಿ" ಎಂದರು. "ಅಯ್ಯ, ನನಗೇನ್ ಬರತೈತ್ರಿ ಅಣ್ಣಾರ" ಎನ್ನುತ್ತಲೇ ನೀಲವ್ವ ಕೂತಳು. ಮಷೀನು ತುಳಿದ ಕಾಲು ಅದು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ದಾರ ಹರಿಯುವ ಮೊದಲು ಎಲ್ಲಿ ಬಿಡಬೇಕು ಎಂಬುದು ಅದಕ್ಕೆ ಮೊದಲೇ ಗೊತ್ತಿತ್ತು. ಗೆರೆ ಕೆಂಪಾದ ಕಡೆಯೆಲ್ಲ ನಿಧಾನ ಮಾಡಿದಳು. "ಅದಕ್ಕೇನ್ ಅರ್ಥ ಅಂತ ಯಾರ್ ಹೇಳಿದ್ರು?" ಎಂದೆ. "ಕೆಂಪಂದ್ರ ನಿಂದರೋದು ರೀ, ಹುಡುಗೂರಿಗೂ ಗೊತ್ತೈತಿ" ಎಂದಳು. ಬೀಗರು ನಿಂತಲ್ಲೇ ತೀರ್ಪು ಕೊಟ್ಟರು: "ಗಾಡಿ ಈ ಮನಿಗೆ ಬರತೈತಿ. ಕೀಲಿ ಅಕ್ಕಾರ ಕೈಯಾಗ."

ಸಿಟ್ಟು ಬಂತು. ಅವಮಾನವೂ ಆಯಿತು. ನೀಲವ್ವ ಮಾತ್ರ ಕೆಂಪು 'ಎಲ್' ಅಂಟಿಸಿದ ಗಾಡಿಯಲ್ಲಿ ಬಜಾರದ ನಡುವೆಯೇ ಕಲಿತಳು. ಡಿಪೋದವರೆಲ್ಲ ನೋಡಿದರು, ನಿಂತು ದಾರಿ ಬಿಟ್ಟರು. ಲೈಸನ್ಸ್ ಬಂತು, ಕಾಕಾನ ಮಗನ ಕಣ್ಣೆದುರೇ ಕಾರೂ ಬಂತು. ಮೊನ್ನೆ ರವಿವಾರ ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಲೆ ಕಟ್ಟಿಕೊಂಡು ನವಿಲುತೀರ್ಥಕ್ಕೆ ಹೊರಟೆವು. ಅವಳು ಕೂತಿದ್ದಳು, ಜೀವಮಾನದಲ್ಲಿ ಮೊದಲ ಸಲ ಅಷ್ಟು ದೂರ ಕೂತೇ ಹೋಗುತ್ತಿದ್ದಳು. ನಾನು ಪಕ್ಕದ ಸೀಟಿನಲ್ಲಿದ್ದೆ. ಮುನವಳ್ಳಿ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ನನ್ನ ಬಲಗಾಲು ತಾನಾಗಿ ಮುಂದಕ್ಕೆ ಹೋಗಿ ನೆಲವನ್ನು ಶಕ್ತಿಯಿದ್ದಷ್ಟೂ ಒತ್ತಿತು. ಮುಂದಿನ ತಿರುವಿಗೂ ಒತ್ತಿತು. ಎಮ್ಮೆ ಕಂಡರೂ ಒತ್ತಿತು.

"ರೀ, ಹಂಗ ಒದೀಬ್ಯಾಡ್ರಿ, ಮ್ಯಾಟ್ ಹರೀತೈತಿ" ಎಂದಳು ನೀಲವ್ವ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಆ ಕಡೆ ಬ್ರೇಕ್ ಇಲ್ಲ."