ಅರಕಲಗೂಡಿನ ಹದಿನಾಲ್ಕು ಜೊತೆ ಕಣ್ಣು

ಎಚ್ಚರವಾಗಿರಿ ಅಂತ ಊರಿಗೆಲ್ಲ ಹೇಳೋನಿಗೇ ಮೊದಲು ಆಕಳಿಕೆ ಬರೋದು. ನನ್ನ ಬಾಳಲ್ಲಿ ಇದು ಒಂದು ಸಲ ಆಗಿ ನಿಂತಿದ್ದರೆ ಸುಮ್ಮನಿರ್ತಿದ್ದೆ, ಆಗ್ತಾನೇ ಇದೆ. ಮೂವತ್ತು ವರ್ಷ ಹಾಸನದ ಬಸ್ಸುಗಳಲ್ಲಿ ಕಂಡಕ್ಟರಾಗಿ ಮಲಗಿದೋರನ್ನ ಎಬ್ಬಿಸಿ ಇಳಿಸಿದೆ. ರಿಟೈರಾದ ಮೇಲೆ ಅರಕಲಗೂಡಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಉಪದೇಶಿಯಾದೆ, ಅಂದ್ರೆ ಪಾದ್ರಿ ಅಯ್ಯನವರು ಬಾರದ ಭಾನುವಾರ ಆರಾಧನೆ ನಡೆಸೋನು. ಇಲ್ಲೂ ಮಲಗಿದೋರನ್ನ ಎಬ್ಬಿಸೋದೇ ಕೆಲಸ.

ನಮ್ಮ ಆರಾಧನೆ ಮಧ್ಯಾಹ್ನ ಎರಡಕ್ಕೆ. ಒಂದು ಗಂಟೆಗೆ ಮುದ್ದೆ ನುಂಗಿ ಎರಡಕ್ಕೆ ಬಂದು ಕೂತರೆ ಯಾರ ಕಣ್ಣು ತಾನೇ ನಿಲ್ತದೆ? ಹೋದ ಮಳೆಗಾಲದಲ್ಲಿ ಹಾಸನದಿಂದ ಅಯ್ಯನವರು ಹೇಳದೆ ಕೇಳದೆ ಬಂದುಬಿಟ್ಟರು. ಇದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ನಿದ್ದೆ. ಮುಂದಿನ ಸಾಲಿನ ಅಜ್ಜಿಯಂತೂ ಗೊರಕೆ. ಅಯ್ಯನವರು ಬೈಯಲಿಲ್ಲ. ಮೂರು ತಿಂಗಳು ಬಿಟ್ಟು ಬರ್ತೀನಿ, ಆಗಲೂ ಹಿಂಗೇ ಇದ್ದರೆ ಇಲ್ಲಿ ಆರಾಧನೆ ನಿಲ್ಲಿಸಿ ಎಲ್ಲರೂ ಹಾಸನಕ್ಕೆ ಬನ್ನಿ ಅಂದರು.

ಹರೆಯದೋರು ಬಸ್ ಹತ್ತುತಾರೆ. ಅಜ್ಜಿಯ ಮಂಡಿ ಬಸ್ಸಿನ ಮೆಟ್ಟಿಲು ಏರೋದಿಲ್ಲ. ಇಲ್ಲಿ ಬಾಗಿಲು ಹಾಕಿದರೆ ಅವಳಿಗೆ ಆರಾಧನೆ ಅನ್ನೋದೇ ಮುಗೀತು. ಎಲ್ಲರಿಗೂ ಎಚ್ಚರದ ಪಾಠ ಹೇಳೋದೇ ಸರಿ ಅಂತ ಅವತ್ತೇ ತೀರ್ಮಾನ ಮಾಡಿದೆ.

ಕಂಡಕ್ಟರಿಲ್ಲದ ಬಸ್ಸು

ನಾನು ಎಚ್ಚರದ ಪಾಠ ಹೇಳ್ತೀನಿ ಅಂದಾಗ ನನ್ನ ಹಳೇ ಡ್ರೈವರ್ ಗೆಳೆಯ ಹೊಟ್ಟೆ ಹಿಡ್ಕೊಂಡು ನಕ್ಕ. ನಗೋಕೆ ಅವನಿಗೆ ಕಾರಣವೂ ಇತ್ತು.

ಕೆಲಸದಲ್ಲಿದ್ದಾಗ ಮೊದಲ ಟ್ರಿಪ್ಪಿಗೆ ಮುಂಚೆ ಬಸ್ಸಿನ ಬಾಗಿಲ ಹತ್ತಿರ ನಿಂತು, ಕಣ್ಣು ಮುಚ್ಚಿ, ಸ್ವಾಮಿ ಇವತ್ತೆಲ್ಲ ನನ್ನನ್ನ ಎಚ್ಚರವಾಗಿಡಪ್ಪ ಅಂತ ಬೇಡ್ಕೊಳ್ಳೋದು ನನ್ನ ಅಭ್ಯಾಸ. ಒಂದು ದಿನ ಹೊಳೆನರಸೀಪುರದ ಬಸ್ಸು. ಪ್ರಾರ್ಥನೆ ಸ್ವಲ್ಪ ಉದ್ದವಾಯ್ತು. ಒಳಗಿದ್ದ ಯಾರೋ ಪುಣ್ಯಾತ್ಮ ಅವಸರಕ್ಕೆ ರೈಟ್ ಅಂದ, ಈ ಡ್ರೈವರ್ ಗೆಳೆಯ ಬಸ್ ಎತ್ತಿಕೊಂಡು ಹೋದ. ನಾನು ಆಮೆನ್ ಅಂತ ಕಣ್ಣು ಬಿಟ್ಟರೆ ಎದುರಿಗೆ ಬರೀ ಹೊಗೆ.

ಆಟೋ ಹಿಡಿದು ಅಟ್ಟಿಸಿಕೊಂಡು ಹೋದೆ. ದಾರಿಯಲ್ಲಿ ಮೊಸಳೆ ಅನ್ನೋ ಊರಿನ ಹತ್ತಿರ ಬಸ್ಸು ನಿಂತಿತ್ತು. ಟಿಕೆಟ್ ಕೊಡೋರೇ ಇಲ್ಲವಲ್ಲ ಅಂತ ಜನರೇ ನಿಲ್ಲಿಸಿದ್ದರಂತೆ. ಬೆವರು ಸುರಿಸ್ಕೊಂಡು ಹತ್ತಿದೆ. ಡ್ರೈವರ್ ಹಿಂದೆ ತಿರುಗಿ ಗಂಭೀರವಾಗಿ ಕೇಳಿದ, "ಟಿಕೆಟ್ ತಗೊಂಡ್ರಾ ಸಾ?"

ಬಾಗೂರಿನ ಒಬ್ಬಟ್ಟು

ಸಭೆ ಎಬ್ಬಿಸೋ ದಾರಿ ಕಾಣದೆ ಚನ್ನರಾಯಪಟ್ಟಣದ ಕಡೆ, ಬಾಗೂರಿನಲ್ಲಿರೋ ತಂಗಿ ಮನೆಗೆ ಹೋದೆ. ಅವಳು ಬುದ್ಧಿವಂತೆ. ಜಗುಲಿ ಮೇಲೆ ಎಲೆ ಹಾಕಿ ಒಬ್ಬಟ್ಟು ಬಡಿಸಿ, ಅಣ್ಣಾ ನೀನೇ ಪ್ರಾರ್ಥನೆ ಮಾಡು ಅಂದಳು.

ನನಗೆ ಪ್ರಾರ್ಥನೆ ಶುರು ಮಾಡೋದು ಗೊತ್ತು, ಬ್ರೇಕ್ ಹಾಕೋದು ಗೊತ್ತಿಲ್ಲ. ಊಟಕ್ಕೆ ಸ್ತೋತ್ರ ಹೇಳಿ, ಅರಕಲಗೂಡಿನ ನಿದ್ದೆಗೆ ಬಂದು, ಅಲ್ಲಿಂದ ಹಾಸನ ಜಿಲ್ಲೆಯ ರೋಗಿಗಳನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸಿ ಕಣ್ಣು ಬಿಟ್ಟರೆ ನನ್ನ ಎಲೆ ಖಾಲಿ. ಕಾಂಪೌಂಡ್ ಮೇಲೆ ಕೋತಿಯೊಂದು ನನ್ನ ಒಬ್ಬಟ್ಟನ್ನ ಮಡಿಸಿ ಮಡಿಸಿ ತಿಂತಾ ಇತ್ತು. ತಂಗಿಯ ಒಬ್ಬಟ್ಟು ಮಾತ್ರ ಭದ್ರ. ನೀನು ಕಣ್ಣು ಬಿಟ್ಟುಕೊಂಡೇ ಪ್ರಾರ್ಥನೆ ಮಾಡ್ತಿದ್ದೆಯಾ ಅಂತ ರೇಗಿದೆ.

"ಇಲ್ಲ ಕಣಣ್ಣ," ಅಂದಳು, "ದೇವ್ರು ಅಂತ ಕಣ್ಣು ಮುಚ್ಚಿದ್ದೆ, ಕೋತಿ ಅಂತ ಎಲೆ ಮುಚ್ಚಿದ್ದೆ."

ಇಳಿಯೋರು ಇಳೀರಿ

ವಾಪಸ್ ಬಂದು ನಂಗೆ ಗೊತ್ತಿರೋ ವಿದ್ಯೆಯನ್ನೇ ಹಿಡಿದೆ. ಮುಂದಿನ ಭಾನುವಾರ ಪ್ರಸಂಗದ, ಅಂದ್ರೆ ನನ್ನ ಬೋಧನೆಯ ಮಧ್ಯೆ ತಲೆಗಳು ವಾಲೋಕೆ ಶುರುವಾದವು. ಹಳೇ ಗಂಟಲಲ್ಲಿ ಒಂದೇ ಸಲ ಕೂಗಿದೆ, "ಹೊಳೆನರಸೀಪುರ ಇಳಿಯೋರು!"

ಮಗಳ ಮನೆಗೆ ಅಂತ ಹೊಳೆನರಸೀಪುರದಿಂದ ಬಂದಿದ್ದ ಗೌಡರೊಬ್ಬರು, ಅವಳ ಜೊತೆ ಆರಾಧನೆಗೂ ಬಂದು ಹಿಂದೆ ಕೂತು ತೂಕಡಿಸ್ತಿದ್ದರು. ಧಡಕ್ಕನೆ ಎದ್ದು, ಚೀಲ ಬಗಲಿಗೆ ಸಿಕ್ಕಿಸಿ, ಜರುಗ್ರಪ್ಪ ಜರುಗ್ರಿ ಅಂತ ಸಾಲು ದಾಟಿ ಬಾಗಿಲ ಮೆಟ್ಟಿಲು ಇಳಿದೇಬಿಟ್ಟರು. ಅಂಗಳದಲ್ಲಿ ನಿಂತು ಕಣ್ಣು ಉಜ್ಜಿಕೊಂಡು ಕೇಳಿದರು, "ಸಾ, ಇದ್ಯಾವ್ ಸ್ಟಾಪು?"

ಇಷ್ಟು ಗಲಾಟೆಗೂ ಅಜ್ಜಿ ಏಳಲಿಲ್ಲ.

ಮೂರನೇ ಮುದ್ದೆ

ಕೊನೆಗೆ ದಾರಿ ತೋರಿಸಿದ್ದು ಅವಳೇ. ಸಭೆ ಮುಚ್ಚೋ ಮಾತು ಅವಳ ಕಿವಿಗೂ ಬಿದ್ದಿತ್ತು. ಒಂದು ದಿನ ನನ್ನ ಕೈ ಹಿಡಿದು, ನಿಂದೇನೂ ತಪ್ಪಿಲ್ಲ ಕಣ್ ಮಗ, ತಪ್ಪೆಲ್ಲ ಮುದ್ದೇದು, ಇನ್ಮೇಲೆ ಉಣ್ಣದೆ ಬತ್ತೀವಿ, ಮುಗಿದ್ಮೇಲೆ ಉಣ್ತೀವಿ ಅಂದಳು. ಹದಿನಾಲ್ಕು ಜನವೂ ಒಪ್ಪಿದರು. ಹಸಿದ ಹೊಟ್ಟೆಗೆ ನಿದ್ದೆ ಎಲ್ಲಿಂದ ಬರಬೇಕು? ಅಜ್ಜಿಯಂತೂ ಪ್ರಸಂಗದ ಮಧ್ಯೆ ಪ್ರಶ್ನೆ ಕೇಳೋಕೆ ಶುರು ಮಾಡಿದಳು. ನಾನೇ ಓದ್ಕೊಂಡು ಬರೋ ಹಂಗಾಯ್ತು.

ಮೂರು ತಿಂಗಳಾದ ಭಾನುವಾರ ಅಯ್ಯನವರು ಮಧ್ಯಾಹ್ನದ ಬಸ್ಸಿಗೆ ಇಳಿದರು. ನಾವು ಉಪವಾಸ, ಸರಿ. ಬಂದ ಅತಿಥಿ? ಮನೆ ಬಾಕ್ಲಿಗೆ ಬಂದೋರ್ನ ಹಸ್ಕೊಂಡು ಕೂರ್ಸಕ್ಕಾಯ್ತದಾ ಅಂತ ಅಜ್ಜಿ ಪಕ್ಕದಲ್ಲೇ ಇದ್ದ ತನ್ನ ಮನೆಗೆ ಕರೆದುಕೊಂಡು ಹೋದಳು. ಎರಡು ಮುದ್ದೆ, ಅವರೆಕಾಳು ಸಾರು, ಮೇಲೆ ತುಪ್ಪ. ಸಾಕಮ್ಮ ಸಾಕಮ್ಮ ಅಂತ ಅವರು ಎಲೆಗೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಮೂರನೇ ಮುದ್ದೆ ಇಳಿಸಿದಳು. ತಾನು ಒಂದಗುಳು ಮುಟ್ಟಲಿಲ್ಲ.

ಎರಡು ಗಂಟೆಗೆ ಅಯ್ಯನವರು ಡೈರಿ ಹಿಡಿದು ಹಿಂದಿನ ಕುರ್ಚಿಯಲ್ಲಿ ಕೂತರು. ಬೈಬಲಿನಲ್ಲಿ ಆ ಕಡೇ ರಾತ್ರಿ ಸ್ವಾಮಿ ತೋಟದಲ್ಲಿ ಎಚ್ಚರವಾಗಿರಿ ಅಂದರೂ ಶಿಷ್ಯರು ಮಲಗಿದ ಸಂಗತಿ ಹೇಳ್ತಾ ಇದ್ದೆ. ಹದಿನಾಲ್ಕು ಜೊತೆ ಕಣ್ಣೂ ನನ್ನ ಮೇಲೆ. ನಂಗೆ ಅಳುವೇ ಬಂತು, ಖುಷಿಗೆ.

ಆಮೇಲೆ ಆ ಕಣ್ಣುಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ನಾನೂ ನೋಡಿದೆ. ಅಯ್ಯನವರ ಗದ್ದ ಎದೆಗೆ ಸೇರಿತ್ತು, ಪೆನ್ನು ನೆಲಕ್ಕೆ ಬಿದ್ದಿತ್ತು. ಸಣ್ಣಗೆ ಗೊರಕೆ. ಪಕ್ಕದವನು ಎಬ್ಬಿಸೋಕೆ ಕೈ ಚಾಚಿದ. ಅಜ್ಜಿ ತಡೆದಳು.

"ಮಲೀಕಳ್ಲಿ ಬುಡ್ಲಾ. ಭಾನುವಾರ ಅಂದ್ರೆ ಮೂರೂರು ಸುತ್ತುತಾರೆ, ಪಾಪ. ನಾವು ಎದ್ದಿದ್ದೀವಲ್ಲ. ನೀನು ಯೋಳು ಮಗ."

ದನಿ ತಗ್ಗಿಸಿ ಪ್ರಸಂಗ ಮುಗಿಸಿದೆ. ಕಡೇ ಹಾಡಿಗೆ ಅಯ್ಯನವರು ಬೆಚ್ಚಿ ಎದ್ದು, ಪೆನ್ನು ಹುಡುಕಿ, ಡೈರಿ ಬಿಚ್ಚಿ, ಏನೂ ಆಗದೋರ ಹಾಗೆ ಕೇಳಿದರು, "ಇವತ್ತು ಎಷ್ಟು ಜನ ಮಲಗಿದ್ದರು, ಉಪದೇಶಿಗಳೇ?"

ದೇವರ ಮನೆಯಲ್ಲಿ ಸುಳ್ಳು ಹೇಳೋ ಹಂಗಿಲ್ಲ, ನಿಜ ಹೇಳೋಕೆ ಬಾಯಿಲ್ಲ. ಅಜ್ಜಿ ಎದ್ದು ನಿಂತಳು.

"ಒಬ್ರೇ ಕಣ್ರಪ್ಪ," ಅಂದಳು. "ಅವರು ನಮ್ಮ ಸಭೆಯೋರಲ್ಲ. ಹಾಸ್ನದಿಂದ ಬಂದಿದ್ರು."

ಮೊದಲು ನಕ್ಕಿದ್ದು ಅಯ್ಯನವರೇ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಆಮೇಲೆ ಡೈರಿಯಲ್ಲಿ ಏನೋ ಬರೆದು, ಎಲ್ಲರಿಗೂ ಕೇಳೋ ಹಾಗೆ ಓದಿ ಅಂತ ನನ್ನ ಕೈಗೆ ಕೊಟ್ಟರು. ಓದಿದೆ:

"ಅರಕಲಗೂಡಿನ ಸಭೆ ಎಚ್ಚರವಾಗಿದೆ, ಮುಂದುವರಿಯಲಿ. ಹಾಸನದ್ದೇ ಸ್ವಲ್ಪ ಯೋಚನೆ."